ರುಮಾಲಿಗೆ ಹೊಲಿದ ತೊಗಲು

ಹಳೆಯ ಸೈನಿಕ ಟೊಪ್ಪಿಗೆಗಳ ಬಿಡಿಭಾಗ ಕೂಡಿಸುವವರ ಪೆಟ್ಟಿಗೆಯಲ್ಲಿ ಇರುವುದು ಬಹುಪಾಲು ಹಿತ್ತಾಳೆ. 1800ರಲ್ಲಿ ಬ್ರಿಟಿಷ್ ಪದಾತಿಗಳಿಗೆ ಬಂದ ಶಾಕೊ ಎಂಬ ಎತ್ತರದ ಗಡಸು ಟೊಪ್ಪಿಗೆಯ ಹಣೆಯಲ್ಲಿ ದೊಡ್ಡ ಹಿತ್ತಾಳೆ ಫಲಕವಿತ್ತು. 1816ರ ಮಾದರಿಯಲ್ಲಿ ಅದು ದುಂಡಗಾಯಿತು. ಹೀಗೆ ಫಲಕದ ಆಕಾರವೇ ಕಾಲ ಹೇಳುತ್ತದೆ. ಆದರೆ ದಕ್ಷಿಣ ಭಾರತದಲ್ಲಿ ಕಂಪನಿ ಸರಕಾರವನ್ನು ನಡುಗಿಸಿದ್ದು ತೊಗಲಿನ ಒಂದು ತುಂಡು. ಅದರ ಮಹತ್ವ ಅಧಿಕಾರಿಗಳಿಗೆ ತಿಳಿದ ಬಗೆಯನ್ನು ನಾನು ಒಂದು ಆವಿಷ್ಕಾರದ ಕತೆಯೆಂದೇ ಓದುತ್ತೇನೆ.

ಮದರಾಸು ಸೈನ್ಯದ ದಂಡನಾಯಕ ಸರ್ ಜಾನ್ ಕ್ರಾಡಕ್‌ನ ಕಾಲದಲ್ಲಿ ಸಿಪಾಯಿಗಳಿಗೆ ಹೊಸ ಮಾದರಿಯ ರುಮಾಲು ಗೊತ್ತಾಯಿತು. ನೋಡಲು ಪರಂಗಿಯವರ ಟೊಪ್ಪಿಗೆಯ ಹಾಗೆ, ಮೇಲೊಂದು ತೊಗಲಿನ ಬಿಲ್ಲೆ. ಜೊತೆಗೆ 1806ರ ಮಾರ್ಚ್‌ನ ನಿಯಮಾವಳಿ ಕವಾಯತಿನಲ್ಲಿ ಹಣೆಯ ನಾಮ, ವಿಭೂತಿ ಬೇಡವೆಂದಿತು, ಗಡ್ಡ ಬೋಳಿಸಬೇಕೆಂದಿತು. ಆ ತೊಗಲು ಹಸುವಿನದೋ ಹಂದಿಯದೋ ಎಂಬ ಸಂಶಯ ಬಂದ ಮೇಲೆ ಹಿಂದೂ, ಮುಸ್ಲಿಂ ಇಬ್ಬರಿಗೂ ಅದು ಮುಟ್ಟಬಾರದ ವಸ್ತುವಾಯಿತು. ಟೊಪ್ಪಿಗೆ ಹಾಕಿದವನನ್ನು ಮನೆಯವರು ಒಳಗೆ ಸೇರಿಸುವುದಿಲ್ಲ, ಹೆಣ್ಣು ಕೊಡುವವರು ಸಿಗುವುದಿಲ್ಲ ಎಂಬುದು ಸಿಪಾಯಿಯ ದಿಗಿಲು.

ಮೇ ತಿಂಗಳಲ್ಲಿ ವೆಲ್ಲೂರಿನ ಒಂದು ಪಟಾಲಮು ರುಮಾಲು ಬೇಡವೆಂದಿತು. ಇಬ್ಬರಿಗೆ ತಲಾ 900 ಛಡಿ ಏಟಿನ ಶಿಕ್ಷೆಯಾಯಿತು. ಆ ನೆಲದಲ್ಲಿ ಏನೋ ಕುದಿಯುತ್ತಿದೆ ಎಂದು ಮೊದಲು ಬಾಯಿ ಬಿಟ್ಟು ಹೇಳಿದವನು ಮುಸ್ತಫಾ ಬೇಗ್ ಎಂಬ ಸಿಪಾಯಿ. ಜೂನ್‌ನಲ್ಲಿ ಅವನು ಕರ್ನಲ್ ಫೋರ್ಬ್ಸ್‌ಗೆ ಸಂಚಿನ ಸುದ್ದಿ ಮುಟ್ಟಿಸಿದ. ವಿಚಾರಿಸುವ ಕೆಲಸ ದೇಶೀ ಅಧಿಕಾರಿಗಳಿಗೇ ಬಂತು. ಇವನಿಗೆ ಹುಚ್ಚು ಎಂದು ಅವರು ಹೇಳಿದರು, ಬೇಡಿ ಬಿತ್ತು. ಜುಲೈ 10ರ ನಸುಕಿನಲ್ಲಿ ವೆಲ್ಲೂರಿನ ಕೋಟೆಯಲ್ಲಿ ದಂಗೆ ಸಿಡಿಯಿತು. 14 ಬ್ರಿಟಿಷ್ ಅಧಿಕಾರಿಗಳು, ನೂರಕ್ಕೂ ಹೆಚ್ಚು ಬ್ರಿಟಿಷ್ ಸೈನಿಕರು ಸತ್ತರು. ಆರ್ಕಾಟಿನಿಂದ ಕುದುರೆದಳದೊಂದಿಗೆ ಧಾವಿಸಿದ ಬ್ರಿಟಿಷ್ ಅಧಿಕಾರಿ ಗಿಲೆಸ್ಪಿ ಕೋಟೆಯನ್ನು ಮರಳಿ ಹಿಡಿದಾಗ ಸಿಪಾಯಿಗಳು ನೂರಾರು ಸಂಖ್ಯೆಯಲ್ಲಿ ಹತರಾದರು. ಮುಸ್ತಫಾ ಬೇಗನಿಗೆ ಆಮೇಲೆ 2,000 ವರಹಗಳ ಬಹುಮಾನವೂ ಸುಬೇದಾರನ ಪಿಂಚಣಿಯೂ ದೊರೆತವು. ಅವನ ಮಾತನ್ನು ಒಂದು ಸಲ ಸರಿಯಾಗಿ ಕೇಳಿದ್ದರೆ ಎಷ್ಟು ಜೀವ ಉಳಿಯುತ್ತಿದ್ದವು ಎಂದು ಈಗಲೂ ಸಂಕಟವಾಗುತ್ತದೆ.

ಮೇಜರ್ ಜನರಲ್ ಪೇಟರ್ ಅಧ್ಯಕ್ಷತೆಯ ವಿಚಾರಣಾ ಆಯೋಗ ಎರಡು ಕಾರಣ ಹೇಳಿತು: ಉಡುಪಿನ ಹೊಸ ಕಟ್ಟಳೆ, ಮತ್ತು ಟಿಪ್ಪುವಿನ ಮಕ್ಕಳನ್ನು ಅದೇ ಕೋಟೆಯಲ್ಲಿ ಇರಿಸಿದ್ದು. ಮದರಾಸು ಸರಕಾರ ಜುಲೈನಲ್ಲೇ ಆಜ್ಞೆಯನ್ನು ಹಿಂತೆಗೆದುಕೊಂಡಿತ್ತು. ಹೈದರಾಬಾದಿನ ದಂಡಿನಲ್ಲೂ ಕುದಿ ಎದ್ದಿತ್ತು. ಅಲ್ಲಿನ ಕರ್ನಲ್ ಮಾಂಟ್ರೆಸರ್ ಹೊಸ ಕಟ್ಟಳೆಗಳನ್ನು ತನ್ನ ಹೊಣೆಯಲ್ಲೇ ತಡೆದ. ಆ ವರ್ಷದ ಕೊನೆಗೆ ನಂದಿದುರ್ಗದಲ್ಲೂ ಸಂಚಿನ ಗುಲ್ಲು ಹಬ್ಬಿತು. ಗವರ್ನರ್ ಬೆಂಟಿಂಕ್, ಕ್ರಾಡಕ್ ಇಬ್ಬರನ್ನೂ 1807ರಲ್ಲಿ ವಾಪಸು ಕರೆಸಿದರು.

ಹೈದರಾಬಾದಿನ ಮಾತು ನಮ್ಮ ಕೊಪ್ಪಳಕ್ಕೆ ದೂರದ್ದಲ್ಲ. ಈ ಸೀಮೆ ಆಗ ನಿಜಾಮರದು. ಅದಕ್ಕೂ ಮೊದಲು, 1790ರಲ್ಲಿ, ಬ್ರಿಟಿಷರೂ ನಿಜಾಮರೂ ಟಿಪ್ಪುವಿನಿಂದ ಕೊಪ್ಪಳದ ಕೋಟೆ ಕಸಿಯಲು ತಿಂಗಳುಗಟ್ಟಲೆ ಮುತ್ತಿಗೆ ಹಾಕಬೇಕಾಯಿತು. ಆ ದಂಡಿನಲ್ಲಿದ್ದ ಜಾನ್ ಮಾಲ್ಕಮ್ ಭಾರತದಲ್ಲಿ ತಾನು ಕಂಡ ಕೋಟೆಗಳಲ್ಲೆಲ್ಲ ಇದೇ ಗಟ್ಟಿಯೆಂದು ಬರೆದ. 1819ರಲ್ಲಿ ಬಂಡೆದ್ದ ವೀರಪ್ಪ ಅದೇ ಕೋಟೆ ಹಿಡಿದು ನಿಂತಾಗ ಬ್ರಿಗೇಡಿಯರ್ ಜನರಲ್ ಪ್ರಿಟ್ಜ್ಲರ್ ದಂಡು ಬಂದು ಮೇ ತಿಂಗಳಲ್ಲಿ ಲಗ್ಗೆ ಹಾಕಿತು. 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ಮುಂಡರಗಿ ಭೀಮರಾಯ ಮಡಿದದ್ದೂ ಇಲ್ಲೇ. ಮೂರು ಸಲ ದಂಡು ಬೀಡುಬಿಟ್ಟ ನೆಲ ಇದು. ಕೊಪ್ಪಳ, ಯಲಬುರ್ಗಾ ಮುಂದೆ ನಿಜಾಮರ ದಿವಾನರಾಗಿದ್ದ ಸಾಲಾರ್ ಜಂಗ್ ಮನೆತನದ ಜಹಗೀರಾಗಿದ್ದವು. ಆ ಮನೆತನದ ಸಂಗ್ರಹವೇ 1951ರಲ್ಲಿ ಹೈದರಾಬಾದಿನ ವಸ್ತುಸಂಗ್ರಹಾಲಯವಾಯಿತು. ಅಲ್ಲಿನ ಆಯುಧ, ಕವಚಗಳ ನಡುವೆ ನಿಂತಾಗ ನಮ್ಮ ಎರೆ ಹೊಲಗಳ ಕಂದಾಯ ನೆನಪಾಗುವುದು ಸಹಜ.

ಗಂಗಾವತಿ, ಕುಷ್ಟಗಿ ಕಡೆಯ ಹೊಲದಲ್ಲಾಗಲಿ, ಕೋಟೆಯ ಬುಡದಲ್ಲಾಗಲಿ ಮಳೆ ಬಿದ್ದ ಮೇಲೆ ಸೈನಿಕ ಅಂಗಿಯ ಒಂದು ಗುಂಡಿಯೋ ಟೊಪ್ಪಿಗೆಯ ಫಲಕವೋ ಕಣ್ಣಿಗೆ ಬಿದ್ದರೆ ಗೊತ್ತಿರಬೇಕಾದ ಮಾತು ಕೆಲವಿವೆ. ಅಂಥದ್ದಕ್ಕಾಗಿ ಕೋಟೆಯಲ್ಲಿ ಅಗೆಯಕೂಡದು. 1962ರ ಕರ್ನಾಟಕ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಹುದುಗಿದ್ದು ಸಿಕ್ಕರೆ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. 1972ರ ಪುರಾವಸ್ತು ಕಾಯ್ದೆಯಂತೆ ನೂರು ವರ್ಷ ದಾಟಿದ ಇಂಥ ವಸ್ತು ಪುರಾವಸ್ತು; ಅದನ್ನು ಖಾಸಗಿಯವರು ಹೊರದೇಶಕ್ಕೆ ಒಯ್ಯುವಂತಿಲ್ಲ. ಸಿಕ್ಕ ಜಾಗ, ಆಳ, ಅಕ್ಕಪಕ್ಕ ಇದ್ದದ್ದು ಇಷ್ಟನ್ನೂ ಬರೆದಿಡದ ಫಲಕ ನನ್ನ ದೃಷ್ಟಿಯಲ್ಲಿ ಅರ್ಧ ಸತ್ತ ಹಾಗೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಸಿಕ್ಕ ಹಿತ್ತಾಳೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ತಾಮ್ರದ ಕಿಲುಬು ಕೊಳೆಸುವ ಸೂಕ್ಷ್ಮಜೀವಿಗಳಿಗೆ ವಿಷ. ಹಾಗಾಗಿ ಫಲಕದ ಬೆನ್ನಿಗೆ, ಗುಂಡಿಯ ಕೊಂಡಿಗೆ ಅಂಟಿದ ತೊಗಲಿನ ಚೂರು, ದಾರದ ಎಳೆ ಹಸಿರು ಕಿಲುಬಿನ ಒಳಗೆ ಶತಮಾನಗಳ ಕಾಲ ಉಳಿಯಬಲ್ಲವು. ಆ ತೊಗಲು ಯಾವ ಪ್ರಾಣಿಯದು ಎಂದು ಇಂದಿನ ಪ್ರಯೋಗಾಲಯಗಳು ಅದರ ಪ್ರೋಟೀನಿನಿಂದಲೇ ಗುರುತಿಸಬಲ್ಲವು. ವೆಲ್ಲೂರಿನ ಸಿಪಾಯಿ ಕೇಳಿದ್ದ ಪ್ರಶ್ನೆಯೂ ಅದೇ.