ಎಐ ಏಜೆಂಟ್‌ನ ಕಡತಗಳು: ಬಾಗಿಲು ತೆರೆದಿರಲಿ, ಬೀಗವೂ ಇರಲಿ

ಪ್ರಶ್ನೆಗೆ ಉತ್ತರಿಸುವುದಷ್ಟೇ ಕೃತಕ ಬುದ್ಧಿಮತ್ತೆಯ ಕೆಲಸವೆಂಬ ಕಾಲ ಸರಿದಿದೆ. ಇಂದಿನ ಎಐ ಏಜೆಂಟ್‌ಗಳು ಕಡತಗಳನ್ನು ತೆರೆಯುತ್ತವೆ, ತಿದ್ದುತ್ತವೆ, ಹೊಸದಾಗಿ ಬರೆದೂ ಇಡುತ್ತವೆ. ಅನೇಕ ವೇಳೆ ಏಜೆಂಟ್ ಕೆಲಸ ಮಾಡುವುದು ದೂರದ ಸರ್ವರ್‌ನಲ್ಲಿ. ಅದು ಸಿದ್ಧಪಡಿಸಿದ ವರದಿಯನ್ನು ಓದಬೇಕಾದವರು ಇರುವುದು ಬ್ರೌಸರ್‌ನ ಮುಂದೆ. ಇವೆರಡರ ನಡುವೆ ಬಾಗಿಲೊಂದನ್ನು ತೆರೆಯಲೇಬೇಕು. ವರದಿಯ ಜೊತೆಗೆ ಸರ್ವರ್‌ನ ಪಾಸ್‌ವರ್ಡ್‌ಗಳೂ ಹೊರಬೀಳದಂತೆ ತಡೆಯುವುದು ಹೇಗೆ?

ಮೊದಲ ಅಪಾಯ ಕಡತದ ವಿಳಾಸದಲ್ಲೇ ಅಡಗಿದೆ. ಎರಡು ಚುಕ್ಕಿ, ಒಂದು ಓರೆಗೆರೆ ಸೇರಿದರೆ ಗಣಕಕ್ಕೆ ‘ಒಂದು ಫೋಲ್ಡರ್ ಮೇಲಕ್ಕೆ ಹೋಗು’ ಎಂದರ್ಥ. ಇದನ್ನೇ ಮತ್ತೆ ಮತ್ತೆ ಸೇರಿಸಿ ಕಳುಹಿಸಿದರೆ, ತಪಾಸಣೆಯಿಲ್ಲದ ಸರ್ವರ್ ಅನುಮತಿಯಿಲ್ಲದ ಕಡತವನ್ನೂ ಒಪ್ಪಿಸಿಬಿಡುತ್ತದೆ. ಉಪಾಯ ಹಳೆಯದೇ, ಆದರೂ 2021ರಲ್ಲಿ ಅಪಾಚೆ ವೆಬ್ ಸರ್ವರ್‌ನ 2.4.49 ಆವೃತ್ತಿಯಲ್ಲಿ ಇಂಥದೇ ದೋಷ ಪತ್ತೆಯಾಗಿತ್ತು.

ಅರೆಬರೆ ತಪಾಸಣೆಯೂ ಸಾಲದು. ಏಜೆಂಟ್‌ಗಳನ್ನು ಹೊರಗಿನ ಮಾಹಿತಿಯೊಡನೆ ಬೆಸೆಯಲು ಆಂಥ್ರೊಪಿಕ್ ಸಂಸ್ಥೆ 2024ರ ನವೆಂಬರ್‌ನಲ್ಲಿ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್’ ಪ್ರಕಟಿಸಿತು. ಅದರ ಕಡತ ಸರ್ವರ್‌ನಲ್ಲಿ 2025ರಲ್ಲಿ ಎರಡು ದೋಷಗಳು ಬಯಲಾದವು. ಕೇಳಿದ ವಿಳಾಸವು ಅನುಮತಿ ಪಡೆದ ಫೋಲ್ಡರ್‌ನ ಹೆಸರಿನಿಂದ ಆರಂಭವಾಗುವುದೇ ಎಂದಷ್ಟೇ ಅದು ನೋಡುತ್ತಿತ್ತು. ಅಂದರೆ ‘ಲೆಕ್ಕ’ ಎಂಬ ಫೋಲ್ಡರ್‌ಗೆ ಅನುಮತಿ ಕೊಟ್ಟರೆ ಪಕ್ಕದ ‘ಲೆಕ್ಕಪತ್ರ’ವೂ ತೆರೆದುಕೊಳ್ಳುತ್ತಿತ್ತು! ಇನ್ನೊಂದು, ಒಳಗಿದ್ದುಕೊಂಡೇ ಹೊರಗಿನ ಕಡತದತ್ತ ಬೊಟ್ಟುಮಾಡುವ ‘ಸಿಮ್‌ಲಿಂಕ್’ನ ಮೂಲಕ ನುಸುಳುವ ದಾರಿ. ಎರಡನ್ನೂ ಬಳಿಕ ಸರಿಪಡಿಸಲಾಯಿತು.

ಪರಿಹಾರವೇನು? ಚುಕ್ಕಿ, ಲಿಂಕ್‌ಗಳನ್ನೆಲ್ಲ ಬಿಡಿಸಿ ಕಡತದ ನಿಜವಾದ ವಿಳಾಸವನ್ನು ಕಂಡುಕೊಂಡು, ಆ ಬಳಿಕವೇ ಅನುಮತಿಯನ್ನು ಪರಿಶೀಲಿಸಬೇಕು. ಏಜೆಂಟ್ ಅನ್ನು ಪ್ರತ್ಯೇಕ ‘ಕಂಟೇನರ್’ನೊಳಗೆ ಇರಿಸಿ, ಪಾಸ್‌ವರ್ಡ್‌ಗಳನ್ನು ಅದರ ಹೊರಗಿಡಬೇಕು. ಬ್ರೌಸರ್‌ಗೆ ಶಾಶ್ವತ ಕೀಲಿಯ ಬದಲು, ನಿಗದಿತ ಕಡತಕ್ಕಷ್ಟೇ ಸಲ್ಲುವ, ಕೆಲವೇ ನಿಮಿಷಗಳಲ್ಲಿ ರದ್ದಾಗುವ ಟೋಕನ್ ನೀಡಬೇಕು. ಓದಿದರೆ ಸಾಕೆನ್ನುವವರಿಗೆ ಬರೆಯುವ ಹಕ್ಕು ಬೇಡ. ಸಂಪರ್ಕವೆಲ್ಲ ಎಚ್‌ಟಿಟಿಪಿಎಸ್ ಮೂಲಕವೇ ಸಾಗಬೇಕು. ಯಾರು, ಯಾವಾಗ, ಏನನ್ನು ತೆರೆದರೆಂಬ ದಾಖಲೆಯೂ ಉಳಿಯಬೇಕು. ಏಜೆಂಟ್ ರಚಿಸಿದ ವೆಬ್ ಪುಟಗಳನ್ನು ಮುಖ್ಯ ತಾಣದಿಂದ ತೋರಿಸದೆ ಬೇರೊಂದು ಡೊಮೇನ್‌ನಿಂದ ತೋರಿಸುವುದು ಕ್ಷೇಮ. ಇಲ್ಲವಾದರೆ ಪುಟದೊಳಗೆ ಸೇರಿಕೊಂಡ ಸ್ಕ್ರಿಪ್ಟ್ ಬಳಕೆದಾರರ ಲಾಗಿನ್ ಅನ್ನೇ ದುರುಪಯೋಗ ಮಾಡಿಕೊಂಡೀತು.

ಎಲ್ಲಕ್ಕಿಂತ ಮುಖ್ಯವಾಗಿ, ಕಾವಲಿನ ಹೊಣೆಯನ್ನು ಏಜೆಂಟ್‌ಗೇ ಒಪ್ಪಿಸಬಾರದು. ಅದು ಓದುವ ಕಡತದಲ್ಲಿ ಅಡಗಿಸಿಟ್ಟ ಒಂದು ವಾಕ್ಯ ಅದನ್ನೇ ದಾರಿ ತಪ್ಪಿಸಬಲ್ಲದು. ‘ಪ್ರಾಂಪ್ಟ್ ಇಂಜೆಕ್ಷನ್’ ಎನ್ನುವುದು ಇದಕ್ಕೇ. ಆಗ ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ. ಆದ್ದರಿಂದ ಯಾವ ಕಡತ ಯಾರಿಗೆ ಎಂಬುದನ್ನು ನಿರ್ಧರಿಸಬೇಕಾದುದು ಏಜೆಂಟ್‌ನ ಮಾತಿಗೆ ಮಣಿಯದ, ಅದರ ಹೊರಗೇ ನಿಂತ ವ್ಯವಸ್ಥೆ.