ಮಗುವಿನ ಹೆಸರಿನ ಆಸ್ತಿ: ಅಪ್ಪ-ಅಮ್ಮನ ಸಹಿ ಸಾಕೇ?

ಭಾರತದಲ್ಲಿ 18 ತುಂಬದವರು ಅಪ್ರಾಪ್ತರು. ಅವರು ಸ್ವತಃ ಮಾಡಿಕೊಂಡ ಕರಾರು ಅಸಿಂಧು ಎಂದು 1903ರಲ್ಲೇ ಪ್ರಿವಿ ಕೌನ್ಸಿಲ್ ತೀರ್ಪಿತ್ತಿತು. ಹಾಗಾಗಿ ಅವರ ಪರವಾಗಿ ಪೋಷಕರು ಸಹಿ ಹಾಕುತ್ತಾರೆ. ಆದರೆ ಜಮೀನು, ಮನೆ, ಸೈಟಿನ ವಿಷಯದಲ್ಲಿ ಆ ಸಹಿಯೂ ಸಾಲದು.

ಹಿಂದೂ ಕುಟುಂಬಗಳಿಗೆ ಅನ್ವಯಿಸುವ 1956ರ ಪೋಷಕತ್ವ ಕಾಯ್ದೆಯ 8ನೇ ಕಲಂ ಸ್ಪಷ್ಟವಾಗಿದೆ. ಮಗುವಿನ ಸ್ಥಿರಾಸ್ತಿಯನ್ನು ಮಾರಲು, ಅಡವಿಡಲು, ದಾನ ಕೊಡಲು ತಂದೆ-ತಾಯಿ ಮೊದಲೇ ನ್ಯಾಯಾಲಯದ ಅನುಮತಿ ಪಡೆಯಬೇಕು. ಐದು ವರ್ಷ ಮೀರಿದ ಗುತ್ತಿಗೆಗೂ ಇದೇ ನಿಯಮ. ಮಗುವಿಗೆ ಅದು ಅಗತ್ಯ ಅಥವಾ ನಿಚ್ಚಳವಾಗಿ ಲಾಭಕರ ಎನಿಸಿದರಷ್ಟೇ ಅನುಮತಿ ಸಿಗುತ್ತದೆ. ಮನೆಯ ಸಾಲದ ಭಾರವನ್ನು ಮಗುವಿನ ಪಾಲಿನಿಂದ ತೀರಿಸಿಬಿಡುವುದನ್ನು ತಡೆಯುವ ನ್ಯಾಯವಾದ ಬೇಲಿಯಿದು.

ಅನುಮತಿಯಿಲ್ಲದ ಕ್ರಯಪತ್ರ ತಾನಾಗಿ ಬಿದ್ದುಹೋಗುವುದಿಲ್ಲ. 18 ತುಂಬಿದ ಮೂರು ವರ್ಷದೊಳಗೆ ಆ ಮಗುವೇ ಅದನ್ನು ನಿರಾಕರಿಸಬೇಕು. ದಾವೆಯೇ ಬೇಕೆಂದಿಲ್ಲ, ಆಸ್ತಿಯನ್ನು ತಾನೇ ಬೇರೆಯವರಿಗೆ ಮಾರುವಂಥ ಸ್ಪಷ್ಟ ನಡೆಯೂ ಸಾಕು ಎಂದು 2025ರಲ್ಲಿ ದಾವಣಗೆರೆಯ ನಿವೇಶನವೊಂದರ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೊಳ್ಳುವವರು ಹಳೆಯ ಪತ್ರಗಳಲ್ಲಿ ಅಪ್ರಾಪ್ತರ ಹೆಸರಿದೆಯೇ ಎಂದು ನೋಡಲೇಬೇಕು.

ಒಂದು ವಿನಾಯಿತಿಯಿದೆ: ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗುವಿಗಿರುವ ವಿಭಾಗವಾಗದ ಪಾಲಿಗೆ 8ನೇ ಕಲಂ ಅನ್ವಯಿಸದು. ಕುಟುಂಬದ ಅಗತ್ಯಕ್ಕಾಗಿ ಯಜಮಾನ ಅದನ್ನು ಮಾರಬಹುದು.