ಹೊನ್ನಿನಂಥ ಹೊನ್ನೆ ಮರ

ವರದಹಳ್ಳಿ, ಸಾಗರ, ಹೊಸನಗರ, ತೀರ್ಥಹಳ್ಳಿ. ಇದು ನಮ್ಮ ಮಲೆನಾಡು. ಇಲ್ಲಿನ ಕಾಡಿನಲ್ಲಿ, ಸೊಪ್ಪಿನ ಬೆಟ್ಟದಲ್ಲಿ ಹೊನ್ನೆ ಮರ ಬೆಳೆಯುತ್ತದೆ.

ಹೊನ್ನೆಯನ್ನು ಗುರುತಿಸುವುದು ಹೇಗೆ? ಅದರ ಕಾಯಿ ಚಪ್ಪಟೆ, ದುಂಡಗೆ. ನಡುವೆ ಬೀಜ, ಸುತ್ತ ತೆಳ್ಳನೆಯ ರೆಕ್ಕೆ. ತೊಗಟೆಗೆ ಕತ್ತಿ ತಾಗಿದರೆ ಕೆಂಪು ರಸ ಒಸರುತ್ತದೆ. ನೋಡಲು ರಕ್ತದ ಹಾಗೇ ಇರುತ್ತದೆ.

ಮರದ ಒಳಗಿನ ಕೆಚ್ಚು ಹೊಂಬಣ್ಣ. ಬಹಳ ಗಟ್ಟಿ. ಒಣಗಿದ ಮರ ಒಂದು ಘನ ಅಡಿಗೆ ಸುಮಾರು 22 ಕಿಲೋ ತೂಗುತ್ತದೆ. ಕೆಚ್ಚಿಗೆ ಗೆದ್ದಲು ಸುಲಭವಾಗಿ ಹತ್ತುವುದಿಲ್ಲ. ಬಾಗಿಲು, ದಾರಂದ, ಕಿಟಕಿ, ತೊಲೆ, ಗಾಡಿ ಎಲ್ಲಕ್ಕೂ ಆಗುತ್ತದೆ.

“ಆಚಾರ್ರೇ, ಈ ಹಲಗೆ ದಾರಂದಕ್ಕೆ ಆಗ್ತದಾ?”

“ಅಂಚಿನ ಬಿಳಿ ಭಾಗ ಬೇಡ ಮಾರಾಯ್ರೆ. ಕುಟ್ಟೆ ಹಿಡೀತದೆ. ಕೆಚ್ಚೇ ಬೇಕು.”

ಹೊನ್ನೆ ಒದ್ದೆಯಾದರೆ ಹಳದಿ ಬಣ್ಣ ಬಿಡುತ್ತದೆ. ಸುಣ್ಣದ ಗೋಡೆಗೆ ಕಲೆಯಾಗುತ್ತದೆ. ಆದ್ದರಿಂದ ಹಸಿ ಮರ ಕೂರಿಸಬೇಡಿ. ಹಲಗೆಗಳ ನಡುವೆ ರೀಪು ಇಟ್ಟು, ನೆರಳಿನಲ್ಲಿ, ಗಾಳಿ ಆಡುವ ಹಾಗೆ ಪೇರಿಸಿ. ಚೆನ್ನಾಗಿ ಒಣಗಿದ ಮೇಲೆ ಕೆಲಸಕ್ಕೆ ತೆಗೆದುಕೊಳ್ಳಿ.

ಬಣ್ಣ ಬಿಡುವ ಈ ಕೆಚ್ಚಿನಿಂದ ಲೋಟವನ್ನೂ ಮಾಡುತ್ತಾರೆ. ರಾತ್ರಿ ನೀರು ತುಂಬಿಟ್ಟರೆ ಬೆಳಿಗ್ಗೆ ಕಂದು ಬಣ್ಣವಾಗಿರುತ್ತದೆ. ಬೆಳಕಿಗೆ ಹಿಡಿದರೆ ನೀಲಿ ಹೊಳಪು ಕಾಣುತ್ತದೆ. ಸಕ್ಕರೆ ಕಾಯಿಲೆ ಇರುವವರು ಈ ನೀರು ಕುಡಿಯುವುದುಂಟು. ಆಯುರ್ವೇದದಲ್ಲಿ ಹೊನ್ನೆಗೆ ವಿಜಯಸಾರ ಎಂಬ ಹೆಸರಿದೆ. ಆದರೆ ಎಚ್ಚರ! ಲೋಟದ ನೀರನ್ನು ನಂಬಿ ಡಾಕ್ಟರು ಕೊಟ್ಟ ಮಾತ್ರೆ ಬಿಡಬೇಡಿ. ಇನ್ಸುಲಿನ್ ನಿಲ್ಲಿಸಬೇಡಿ. ರಕ್ತ ಪರೀಕ್ಷೆ ಮಾಡಿಸುತ್ತಿರಿ.

ಇಷ್ಟು ಉಪಯೋಗದ ಮರ ಒಂದೆರಡು ವರ್ಷದಲ್ಲಿ ಬೆಳೆಯುವುದಿಲ್ಲ. ಹತ್ತಾರು ವರ್ಷ ಬೇಕು. ಕಡಿಯಲು ಒಂದು ಗಳಿಗೆ ಸಾಕು. ಕಾಡಿನ ಮರ ಕದ್ದು ಕಡಿಯುವುದು ಅಪರಾಧ. ನಮ್ಮ ಜಮೀನಿನ ಹೊನ್ನೆಯಾದರೂ ಕೇಳದೆ ಕಡಿಯುವಂತಿಲ್ಲ. ಅದಕ್ಕೆ 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ ಇದೆ. ಮೊದಲು ಅರಣ್ಯ ಇಲಾಖೆಗೆ ಅರ್ಜಿ ಕೊಡಬೇಕು. ಅನುಮತಿ ಸಿಕ್ಕಿದ ಮೇಲೆ ಕಡಿಯಬೇಕು. ಮರ ಸಾಗಿಸಲು ಪಾಸು ಪಡೆಯಬೇಕು.

ಮರ ಕೊಳ್ಳುವಾಗಲೂ ಪಾಸು ಕೇಳಿ, ರಸೀದಿ ಪಡೆಯಿರಿ. ಕಾಗದ ಇಲ್ಲದ ಮರ ಅಗ್ಗ ಅಂತ ತಂದರೆ ಮರವೂ ಹೋಗುತ್ತದೆ, ಹಣವೂ ಹೋಗುತ್ತದೆ, ಕೇಸೂ ಬೀಳುತ್ತದೆ.

ಮೊದಲು ಇಂಥ ಕಾಗದವನ್ನು ಇನ್ನೊಬ್ಬರ ಕೈಯಲ್ಲಿ ಓದಿಸುತ್ತಿದ್ದೆವು. ಈಗ ನಮಗೇ ಓದಲು ಬರುತ್ತದಲ್ಲ! ಮರದ ಹೆಸರು ಓದಿ. ಅಳತೆ ನೋಡಿ. ತಾರೀಖು ನೋಡಿ. ಎಲ್ಲ ಸರಿ ಇದ್ದರೆ ಮಾತ್ರ ಹಣ ಕೊಡಿ.

ಒಂದು ಹೊನ್ನೆ ಕಡಿದಿರಾ? ಮಳೆಗಾಲದಲ್ಲಿ ಹತ್ತು ಸಸಿ ನೆಡಿ. ನಮ್ಮ ಮೊಮ್ಮಕ್ಕಳ ಮನೆಗೂ ಬಾಗಿಲು ಬೇಕು.